ಇಪ್ಪತ್ತೈದನೆಯ ತಿಂಗಳು

"ಅಪ್ಪನ ಡೈರಿಯ ಆ ಒಂದು ಹಾಳೆ ಮಾತ್ರ ಬೆರಳಿಗೆ ದಪ್ಪ ಸಿಗುತ್ತದೆ ಡಾಕ್ಟರ್. ನನ್ನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ," ಎಂದರು ಹೆರಾಲ್ಡ್.

ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದ ಈ ಎಂಬತ್ತೊಂಬತ್ತರ ಆಸ್ಟ್ರೇಲಿಯನ್ ಮುದುಕರನ್ನು ಕಂಡರೆ ಶಾರದಮ್ಮನಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಅವಳ ಗಂಡ ಮುರಳೀಧರ ಪಕ್ಕದೂರು ಯೂಲೆಸ್‌ನ ನಿವೃತ್ತ ಮೂಳೆ ಡಾಕ್ಟರು. ಸುತ್ತಲಿನ ಕಳವು, ಕಿತಾಪತಿಗೆಲ್ಲ ಅವರೇ ಪತ್ತೇದಾರರು. ಕಾರು ಓಡಿಸುವುದು ಶಾರದಮ್ಮನ ಪಾಲು.

ಹೆರಾಲ್ಡರ ತಂದೆ ವಿಲ್ ಪೈಕ್ ಆಸ್ಟ್ರೇಲಿಯನ್ ಫುಟ್‌ಬಾಲಿನ ಹಳೆಯ ತಲೆಮಾರಿನವರು. ಹತ್ತು ವರ್ಷ ಆಡಿ ಕೋಚ್ ಆದರು. 1909ರ ಫೈನಲ್‌ನಲ್ಲಿ ತಲೆಗೆ ಪೆಟ್ಟು ತಿಂದ ಜ್ಯಾಕ್ ಎಂಬ ಆಟಗಾರ ಮತ್ತೆ ಮೈದಾನಕ್ಕಿಳಿದು ಸತ್ತ. ಕೋಚೇ ಇಳಿಸಿದ್ದು ಎಂದು ಊರು ಆಡಿಕೊಂಡಿತು. ವಿಲ್ ಮತ್ತೆ ಚೆಂಡು ಮುಟ್ಟಲಿಲ್ಲ. ಮುರಳೀಧರರ ನೆರೆಯ ಅನಿರುದ್ಧ ಮೆಲ್ಬರ್ನ್‌ನಿಂದ ತಂದುಕೊಟ್ಟ ವಿಲ್‌ರ ಡೈರಿಯನ್ನು ಅವನ ಮಗಳು ಸಂಹಿತಾ ಓದಿ ಹೇಳಿದ್ದಳು. ಆ ದಪ್ಪ ಹಾಳೆಯಲ್ಲಿ ಇದ್ದದ್ದು: ನಾನು ತಡೆದೆ, ಅವನೇ ಹೋದ. ಅದು ಅಪ್ಪನದೇ ಮಾತೇ? ಸಾಯುವ ಮುಂಚೆ ಹೆರಾಲ್ಡರಿಗೆ ಅಷ್ಟು ಗೊತ್ತಾದರೆ ಸಾಕಿತ್ತು.

ಮುರಳೀಧರ ಹಾಳೆ ತಿರುವಿದರು. ಹಿಂದಿನ ಪುಟದ ತಾರೀಖು 18/9/09, ದಪ್ಪ ಹಾಳೆಯದು 9/25/09. ಆಮೇಲೆ ಕೆಳಗಿಳಿದು, ಬಂದುಹೋದವರು ರುಜು ಹಾಕುವ ಪುಸ್ತಕ ನೋಡಿದರು. ಅನಿರುದ್ಧ 14/6/03 ಎಂದು ಬರೆದಿದ್ದ, ಅದೇ ದಿನ ಸಂಹಿತಾ 6/14/03 ಎಂದು. ಅವರ ಮುಖ ಸಪ್ಪಗಾಯಿತು. ಇಬ್ಬರನ್ನೂ ಕರೆಸಲು ಹೇಳಿದರು.

ಎಲ್ಲರೂ ಕೂತ ಮೇಲೆ, ಹೆರಾಲ್ಡರಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಶುರುಮಾಡಿದರು.

"ಇದು ಆಮೇಲೆ ಅಂಟಿಸಿದ ಹಾಳೆ. ಆಸ್ಟ್ರೇಲಿಯಾದವರೂ ನಮ್ಮ ಹಾಗೇ ದಿನ ಮೊದಲು ಬರೀತಾರೆ. ಹಾಗೆ ಓದಿದ್ರೆ ಇಲ್ಲಿರೋದು ಇಪ್ಪತ್ತೈದನೇ ತಿಂಗಳು. ವಿಲ್ ಬರೆದಿದ್ದಲ್ಲ. ಅನಿರುದ್ಧನ ಕೈ ಇವತ್ತಿಗೂ ಮೈಸೂರಿನದೇ, ಕೆಳಗಿನ ಪುಸ್ತಕದಲ್ಲಿ ನೋಡಿದೆ. ಡೈರಿ ಮುಟ್ಟಿದವರಲ್ಲಿ ಈ ದೇಶದವರ ಹಾಗೆ ತಿಂಗಳು ಮೊದಲು ಬರೆಯೋದು ನೀನೊಬ್ಬಳೇ ಸಂಹಿತಾ. ಅಸಲಿ ಹಾಳೇಲಿ ಏನಿತ್ತಮ್ಮ?"

ಸಂಹಿತಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು; ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಅಳುತ್ತ ಇಂಗ್ಲಿಷಿನಲ್ಲೇ ಹೇಳಿಬಿಟ್ಟಳು. ಕಣ್ಣು ಮಂಜಾಗಿದೆ ಎಂದು ಜ್ಯಾಕ್ ಅಂಗಲಾಚಿದ್ದ. ಕೋಚೇ ಭುಜ ಹಿಡಿದು ಮೈದಾನಕ್ಕೆ ತಳ್ಳಿದ್ದರು. ಅದನ್ನು ಈ ತಾತನಿಗೆ ಓದಲು ಮನಸ್ಸು ಬರಲಿಲ್ಲ. ಬೇರೆಯವರು ಓದಿ ಹೇಳಿಯಾರೆಂದು ಹಾಳೆಯನ್ನೇ ಬದಲಿಸಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತು ವರ್ಷ ಈ ದೇಶದ ಕನ್ನಡ ಮಕ್ಕಳನ್ನು ಕಂಡಿದ್ದ ಮುರಳೀಧರರಿಗೆ, ಉತ್ತರ ಇಂಗ್ಲಿಷಿನಲ್ಲಿ ಬಂದು ಹೆರಾಲ್ಡರ ಕಿವಿಗೂ ಬೀಳುತ್ತದೆ ಎಂದು ಹೊಳೆದಿರಲಿಲ್ಲ. ಶಾರದಮ್ಮನಿಗೆ ಗಂಡನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಹೆರಾಲ್ಡ್ ಡೈರಿಗೆ ಕೈಚಾಚಿ, ದಪ್ಪ ಹಾಳೆಯ ಮೇಲೆ ಬೆರಳಾಡಿಸಿದರು. ಆಮೇಲೆ ಅಸಲಿ ಹಾಳೆ ಇದೆಯೇ ಎಂದು ಕೇಳಿದರು. ಸಂಹಿತಾ ಬ್ಯಾಗಿನಿಂದ ತೆಗೆದಳು. ತಡೆಯಲೆಂದು ಮುರಳೀಧರ ಕೈಯೆತ್ತಿ, ಹಾಗೇ ಇಳಿಸಿದರು.

"ಓದು ಮಗಳೇ," ಎಂದರು ಹೆರಾಲ್ಡ್. "ಅಪ್ಪ ನನ್ನ ಹತ್ತಿರ ಮಾತಾಡಿದ್ದೇ ಕಡಿಮೆ. ಇದನ್ನಾದರೂ ಕೇಳುತ್ತೇನೆ."