ನ ಬೀದಿಯ ನಾಗಲವ್ವ ಬಿಡಿಸಿ ತಂದ ಹಣ್ಣುಗಳು

ಬಹಳ ಹಿಂದೆ, ಮನುಷ್ಯರು ಆಡಿದ ಮಾತಿಗೆ ಮರಗಳೂ ಕಿವಿಗೊಡುತ್ತಿದ್ದ ಕಾಲದಲ್ಲಿ, ಅಕ್ಕರಪುರಿ ಎಂಬ ಒಂದು ರಾಜ್ಯವಿತ್ತು. ಆ ಊರಿನ ಕಟ್ಟಳೆ ಬೇರೆಲ್ಲೂ ಇರಲಿಲ್ಲ. ಅಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಬೀದಿ. ಬೀದಿಯ ಅಕ್ಷರ ಯಾವುದೋ, ಆ ಅಕ್ಷರದಿಂದ ಹೆಸರು ಶುರುವಾಗುವ ಹಣ್ಣನ್ನೇ ಅಲ್ಲಿಯವರು ಬೆಳೆಯಬೇಕು. ಬ ಬೀದಿಯವರು ಬಾಳೆ, ಬೇಲ, ಬೋರೆ ಬೆಳೆದರು. ಹ ಬೀದಿಯವರು ಹಲಸು ಬೆಳೆದರು. ಮ ಬೀದಿಯವರದು ಮಾವು. ಅವರು ತಮ್ಮ ಹಣ್ಣಿನ ಬಗ್ಗೆ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಹೇಳಬೇಕಾದದ್ದನ್ನೆಲ್ಲ ಮೂಗಿನ ತುದಿಯಲ್ಲೇ ಹೇಳಿ ಮುಗಿಸುತ್ತಿದ್ದರು. ನ ಬೀದಿಯವರ ಪಾಲಿಗೆ ಬಂದದ್ದು ನೇರಳೆ, ನೆಲ್ಲಿ ಮತ್ತು ನಿಂಬೆ. ಹುಟ್ಟಿದ ಮಕ್ಕಳಿಗೂ ಬೀದಿಯ ಅಕ್ಷರದಿಂದಲೇ ಹೆಸರಿಡುತ್ತಿದ್ದರು.

ಅಕ್ಕರಪುರಿಯವರು ಒಳ್ಳೆಯ ಜನ. ಆದರೆ ಒಂದು ವಿಚಿತ್ರ ಅಭ್ಯಾಸ ಅವರಿಗಿತ್ತು. ತಮ್ಮದನ್ನು ತಾವು ಹೊಗಳಿಕೊಂಡರೆ ದೃಷ್ಟಿ ತಾಗುತ್ತದೆ ಎಂದು ಅವರ ಭಯ. ಆದ್ದರಿಂದ ಮನೆಗೆ ಬಂದವರ ಮುಂದೆ ತಮ್ಮ ಹಣ್ಣನ್ನೂ ಹಸುವನ್ನೂ ಮಕ್ಕಳನ್ನೂ ಚೆನ್ನಾಗಿ ಹಳಿಯುತ್ತಿದ್ದರು. ಹಾಗೆ ಹಳಿಯುವುದೇ ಮರ್ಯಾದೆ ಎಂದು ತಿಳಿದಿದ್ದರು.

ನ ಬೀದಿಯ ಕೊನೆಯ ಮನೆ ನಾಗಲವ್ವನದು. ಎತ್ತರದ ಆಳು, ಗಟ್ಟಿ ದನಿ. ಗಂಡ ತೀರಿಕೊಂಡ ಮೇಲೆ ತೋಟವನ್ನೂ ನೋಡಿಕೊಂಡು ಮಗಳು ನೈದಿಲೆಯನ್ನೂ ಬೆಳೆಸಿದವಳು. ಅವಳ ಎದೆಯೊಳಗೆ ಹೆಮ್ಮೆ ತುಂಬಿ ತುಳುಕುತ್ತಿತ್ತು. ಮಗಳು ಬುಟ್ಟಿ ಹೊತ್ತು ತೋಟದಿಂದ ಬರುವುದನ್ನು ಕಿಟಕಿಯಿಂದ ಕದ್ದು ನೋಡುವಳು, ಕಣ್ಣು ತುಂಬಿಕೊಳ್ಳುವಳು. ಮಗಳು ಹೊಸ್ತಿಲು ದಾಟಿದೊಡನೆ, "ಏನೇ ಅದು ತಲೆ, ಗುಬ್ಬಿ ಗೂಡು ಕಟ್ಟಿದ ಹಾಗೆ" ಎನ್ನುವಳು. ಹದಿನಾರು ವರ್ಷದಲ್ಲಿ ನೈದಿಲೆ ಅವ್ವನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವಳಲ್ಲ.

ಒಂದು ದಿನ ಹೊತ್ತೇರಿದ ಮೇಲೆ ಬೆಳ್ಳಿ ಹಿಡಿಯ ಕೋಲೂರಿಕೊಂಡು ಒಬ್ಬ ಮುದುಕ ನಾಗಲವ್ವನ ಜಗುಲಿಗೆ ಬಂದ. ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ನಾಗಲವ್ವ ತಟ್ಟೆ ತುಂಬ ನೇರಳೆ ತಂದಿಟ್ಟಳು.

"ಎಂಥ ಹಣ್ಣು ತಾಯಿ" ಎಂದ ಮುದುಕ.

"ಅಯ್ಯೋ, ನಮ್ದೇನು ಬಿಡಿ ಸ್ವಾಮಿ. ನಾಲಗೆಗೆ ಬಣ್ಣ ಹತ್ತೋದು ಬಿಟ್ರೆ ಇನ್ನೇನಿದೆ ಇದರಲ್ಲಿ."

ನೋಡುತ್ತಿದ್ದಂತೆ ತಟ್ಟೆ ಬರಿದಾಯಿತು. ಪಾಪ, ಹಸಿದಿದ್ದರು ಎಂದುಕೊಂಡು ನಾಗಲವ್ವ ನೆಲ್ಲಿಕಾಯಿ ತಂದಳು. ಮುದುಕ ಅದನ್ನೂ ಕೊಂಡಾಡಿದ. "ಬರೀ ಒಗರು ಸ್ವಾಮಿ, ಯಾರು ತಿಂತಾರೆ ಇದನ್ನ" ಎಂದಳು. ನೆಲ್ಲಿಕಾಯಿಯೂ ಮಾಯವಾಯಿತು. ಅಷ್ಟರಲ್ಲಿ ನೈದಿಲೆ ಒಳಗಿಂದ ನಿಂಬೆಯ ಪಾನಕ ತಂದಳು. "ಹಲ್ಲು ಚುಳ್ಳನ್ನುತ್ತೆ, ಅಷ್ಟೆ. ಕೆಲಸಕ್ಕೆ ಬಾರದ ಹಣ್ಣು" ಎಂದಳು ನಾಗಲವ್ವ. ಚೊಂಬಿನಲ್ಲಿ ಪಾನಕ ಇರಲಿಲ್ಲ.

ಮುದುಕ ನೈದಿಲೆಯನ್ನು ನೋಡಿದ. "ಮಗಳು ಬಂಗಾರದಂಥವಳು."

"ಬಂಗಾರ ಎಲ್ಲಿ ಬಂತು ಸ್ವಾಮಿ. ಶುದ್ಧ ಸೋಮಾರಿ. ಒಂದು ಕೆಲಸ ನೆಟ್ಟಗೆ ಬರಲ್ಲ. ಇದ್ದರೂ ಒಂದೆ, ಇಲ್ಲದಿದ್ದರೂ ಒಂದೆ."

ಚೊಂಬು ನೆಲಕ್ಕೆ ಬಿತ್ತು. ಅದನ್ನು ಹಿಡಿದಿದ್ದವಳು ಅಲ್ಲಿರಲಿಲ್ಲ.

ಮುದುಕ ಎದ್ದು ನಿಂತ. ಬಾಗಿದ ಬೆನ್ನು ನೆಟ್ಟಗಾಯಿತು, ಗಡ್ಡ ಕಪ್ಪಾಯಿತು. "ನಾನು ಮಾಂತ್ರಿಕ ಠೇಂಕಾರಿ" ಎಂದ. "ನಾನು ಕಳ್ಳನಲ್ಲ ನಾಗಲವ್ವ. ಒಡೆಯರೇ ಬೇಡ ಅಂದದ್ದನ್ನು ಮಾತ್ರ ಒಯ್ಯುವವನು. ನಿನ್ನ ಹಣ್ಣನ್ನೂ ಮಗಳನ್ನೂ ನೀನೇ ಬಾಯಾರೆ ಬಿಟ್ಟುಕೊಟ್ಟೆ. ಕರಿಬೆಟ್ಟದ ಆಚೆ ನನ್ನ ಕೋಟೆ. ದಾರಿಯಲ್ಲಿ ನಿನ್ನ ಮೂರು ಹಣ್ಣು ಕಾವಲಿನಲ್ಲಿವೆ. ಅವನ್ನು ಬಿಡಿಸಿ ತಂದರೆ ನನ್ನ ಬಾಗಿಲು ತೆರೆಯುತ್ತದೆ. ಹುಣ್ಣಿಮೆಯೊಳಗೆ ಬರದಿದ್ದರೆ ನಿನ್ನ ಮಗಳು ಕಲ್ಲಾಗುತ್ತಾಳೆ." ಹೀಗೆಂದವನು ಹೊಗೆಯಾಗಿ ಹೋದ.

ನಾಗಲವ್ವ ತೋಟಕ್ಕೆ ಓಡಿದಳು. ನೇರಳೆ ಮರದಲ್ಲಿ ಹಣ್ಣಿಲ್ಲ, ನೆಲ್ಲಿ ಮರದಲ್ಲಿ ಕಾಯಿಲ್ಲ, ನಿಂಬೆ ಗಿಡದಲ್ಲಿ ಮುಳ್ಳು ಮಾತ್ರ. ಅವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲು ಮುಂದೆ ಮಾಡಿ, ಕರಿಬೆಟ್ಟದ ದಾರಿ ಹಿಡಿದಳು.

ಕಾಡಿನ ಬಾಯಲ್ಲೇ ಒಂದು ನೇರಳೆ ಮರ. ಅದರ ಬುಡಕ್ಕೆ ಮಂತ್ರದ ಸರಪಳಿಯಿಂದ ಕಟ್ಟಿದ ಒಂದು ಕರಡಿ. "ನಿಲ್ಲಮ್ಮ" ಎಂದಿತು ಕರಡಿ. "ಈ ಹಣ್ಣು ಎಂಥದ್ದು, ಹೇಳು. ಮೂರು ಸಲ ಕೇಳುತ್ತೇನೆ."

"ಏನೋ, ನಮ್ಮ ಬೀದೀದು, ಅಷ್ಟೇನೂ ಇಲ್ಲ" ಎಂದಳು ನಾಗಲವ್ವ. ಮರದ ಅರ್ಧ ಒಣಗಿತು.

ಕರಡಿ ಮತ್ತೆ ಕೇಳಿತು. "ಪರವಾಗಿಲ್ಲ, ತಿನ್ನಬಹುದು" ಎಂದುಬಿಟ್ಟಳು. ಹುಟ್ಟಿದಾಗಿನಿಂದ ಪಳಗಿದ ನಾಲಗೆ, ಒಂದೇ ದಿನಕ್ಕೆ ತಿರುಗೀತೆ? ಮರದಲ್ಲಿ ಒಂದೇ ಒಂದು ಹಸಿರು ಕೊಂಬೆ ಉಳಿಯಿತು.

ಮೂರನೆಯ ಸಲ ಕೇಳಿದಾಗ ನಾಗಲವ್ವ ತುಟಿ ಕಚ್ಚಿಕೊಂಡಳು. ಮಗಳು ತೋಟದ ನೇರಳೆ ಮರದ ತುದಿಯಲ್ಲಿ ಕೂತು ಕೊಂಬೆ ಅಲ್ಲಾಡಿಸುವುದು ಕಣ್ಣ ಮುಂದೆ ಬಂತು. "ಕೇಳು ಕರಡಣ್ಣ" ಎಂದಳು. "ನಮ್ಮ ನೇರಳೆ ಹಣ್ಣಾದ ತಿಂಗಳು ಊರಲ್ಲಿ ಎಲ್ಲರ ನಾಲಗೇನೂ ಒಂದೇ ಬಣ್ಣ. ರಾಜರು ಬಾಯಿ ತೆರೆದರೂ ಅದೇ ಬಣ್ಣ, ಅವರ ಕುದುರೆ ತೊಳೆಯೋನು ಬಾಯಿ ತೆರೆದರೂ ಅದೇ ಬಣ್ಣ. ಅಂಥ ಹಣ್ಣು ನಮ್ಮದು. ಬೆಳೆದವಳು ನಾನು."

ಒಣಗಿದ ಕೊಂಬೆಗಳೆಲ್ಲ ಚಿಗುರಿದವು. ಕರಡಿಯ ಸರಪಳಿ ಕಳಚಿ ಬಿತ್ತು. ಅದು ಒಂದು ಹಿಡಿ ಹಣ್ಣನ್ನು ನಾಗಲವ್ವನ ಮಡಿಲಿಗೆ ಹಾಕಿ, ತಾನೂ ಒಂದಷ್ಟು ಬಾಯಿಗೆ ಹಾಕಿಕೊಂಡು, ಕಾಡಿನೊಳಗೆ ಹೋಯಿತು.

ಇನ್ನು ಮುಂದೆ ತಾಪತ್ರಯವಿಲ್ಲ, ಹೊಗಳಿದರಾಯಿತು ಎಂದುಕೊಂಡಳು ನಾಗಲವ್ವ. ತೊರೆಯ ದಡದಲ್ಲಿ ನೆಲ್ಲಿ ಮರ ಸಿಕ್ಕಿತು. ಕಾವಲಿಗೆ ಬಂಗಾರದ ಕೊಂಬಿನ ಜಿಂಕೆ. ಅದು ಕೇಳುವ ಮೊದಲೇ ಇವಳು ಶುರುಮಾಡಿದಳು. "ನಮ್ಮ ನೆಲ್ಲಿ ಜೇನಿಗಿಂತ ಸಿಹಿ. ಬಾಯಲ್ಲಿಟ್ಟರೆ ಬೆಣ್ಣೆ ಥರ ಕರಗುತ್ತೆ."

ಜಿಂಕೆ ಒಂದು ಕಾಯಿ ಕಚ್ಚಿ ನೋಡಿತು. ಮುಖ ಕಿವುಚಿ ಉಗುಳಿತು. "ಸುಳ್ಳಿ" ಎಂದು ಕೊಂಬು ತಗ್ಗಿಸಿ ಮುಂದೆ ಬಂತು.

ನಾಗಲವ್ವನಿಗೆ ನಾಚಿಕೆಯಾಯಿತು. ಆದರೆ ಹಿಂದೆ ಸರಿಯಲಿಲ್ಲ. "ತಪ್ಪಾಯ್ತಪ್ಪ. ನಿಜ ಹೇಳ್ತೀನಿ. ನಮ್ಮ ನೆಲ್ಲಿ ಹುಳಿ, ಒಗರು. ತಿಂದವರ ಮುಖ ನೋಡೋಕಾಗಲ್ಲ. ಆದರೆ ತಿಂದ ಮೇಲೆ ಒಂದು ಬೊಗಸೆ ನೀರು ಕುಡಿ. ಆಮೇಲೆ ಮಾತಾಡು."

ಜಿಂಕೆ ಇನ್ನೊಂದು ಕಾಯಿ ತಿಂದು ತೊರೆಗೆ ಬಾಯಿ ಹಚ್ಚಿತು. ಹಚ್ಚಿದ ಬಾಯಿ ಬಹಳ ಹೊತ್ತು ತೆಗೆಯಲಿಲ್ಲ. ಹುಟ್ಟಿದಂದಿನಿಂದ ಕುಡಿಯುತ್ತಿದ್ದ ಅದೇ ನೀರು ಅವತ್ತು ಸಕ್ಕರೆಯಾಗಿತ್ತು. "ಅದು ನಮ್ಮ ನೆಲ್ಲಿ" ಎಂದಳು ನಾಗಲವ್ವ, ಸೊಂಟದ ಮೇಲೆ ಕೈಯಿಟ್ಟು. ಜಿಂಕೆ ಕೊಂಬಿನಿಂದ ಮರವನ್ನು ಅಲುಗಿಸಿ ಅವಳ ಮಡಿಲು ತುಂಬಿಸಿತು.

ಕರಿಬೆಟ್ಟದ ನೆತ್ತಿಯಲ್ಲಿ ನಿಂಬೆಯ ಗಿಡ. ಅದನ್ನು ಸುತ್ತಿಕೊಂಡು ಎಮ್ಮೆಯಷ್ಟು ದೊಡ್ಡ ಮುಳ್ಳುಹಂದಿ ಮಲಗಿತ್ತು. ಅದು ಒಂದು ಕಣ್ಣು ತೆರೆದು ಮೆಲ್ಲಗೆ ಕೇಳಿತು. "ನಿಂಬೆ ದೊಡ್ಡದೋ, ಮ ಬೀದಿಯ ಮಾವು ದೊಡ್ಡದೋ? ಮಾವಿನಲ್ಲಿ ಏನಿದೆ ಹೇಳು, ಬರೀ ನಾರು."

ಮ ಬೀದಿಯವರ ಮೂಗುಗಳೆಲ್ಲ ನಾಗಲವ್ವನ ಕಣ್ಣ ಮುಂದೆ ಸಾಲಾಗಿ ನಿಂತವು. ಎಷ್ಟು ವರ್ಷದ ಹೊಟ್ಟೆಯುರಿ ಅದು. ಹೌದು, ನಾರೇ, ತಿಂದರೆ ಹೊಟ್ಟೆನೋವು ಎನ್ನಲು ಬಾಯಿ ತೆರೆದೂಬಿಟ್ಟಳು. ತೆರೆದವಳು ಹಾಗೇ ನಿಂತಳು. ಮ ಬೀದಿಯಲ್ಲೂ ಯಾರೋ ಒಬ್ಬ ತಾಯಿ ಆ ಮರಗಳಿಗೆ ನೀರು ಹೊತ್ತಿದ್ದಾಳೆ. ಅವಳ ಹಣ್ಣನ್ನು ತಾನೇಕೆ ಹಳಿಯಲಿ?

"ಮಾವು ಚೆನ್ನಾಗೇ ಇದೆ" ಎಂದಳು. ಆ ಮಾತು ಗಂಟಲಿನಿಂದ ಹೊರಡಲು ಸ್ವಲ್ಪ ಕಷ್ಟವಾಯಿತು, ಆದರೂ ಹೊರಟಿತು. "ಹಬ್ಬದೂಟಕ್ಕೆ ಮಾವಿನಹಣ್ಣೇ ಇರಲಿ. ಜ್ವರ ಬಿಟ್ಟು ಎದ್ದವರ ಬಾಯಿಗೆ ಗಂಜಿ ಸೇರದಿದ್ದಾಗ ನಮ್ಮ ಮನೆ ಬಾಗಿಲು ತಟ್ಟುತ್ತಾರೆ, ಒಂದು ಹೋಳು ನಿಂಬೆ ಉಪ್ಪಿನಕಾಯಿ ಕೊಡಿ ಅಂತ. ಮ ಬೀದಿಯವರೂ ತಟ್ಟುತ್ತಾರೆ. ನನ್ನ ಹೆಮ್ಮೆಗೆ ಅಷ್ಟು ಸಾಕು."

ಮುಳ್ಳುಹಂದಿಯ ಮುಳ್ಳುಗಳು ಒಂದೊಂದಾಗಿ ತಗ್ಗಿದವು. ಅದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನಾಗಲವ್ವ ನಿಂಬೆ ಕಿತ್ತು ಮಡಿಲಿಗೆ ಹಾಕಿಕೊಂಡಳು.

ಕೋಟೆಯ ಹೊಸ್ತಿಲಲ್ಲಿ ಮೂರು ಹಣ್ಣುಗಳನ್ನೂ ತೋರಿಸಿದೊಡನೆ ಬಾಗಿಲು ತೆರೆಯಿತು. ಒಳಗೆ ದೊಡ್ಡ ಅಂಗಳ. ಅಲ್ಲಿ ನೂರಾರು ಜನ ಬೂದಿಬಣ್ಣಕ್ಕೆ ತಿರುಗಿ ಬೊಂಬೆಗಳ ಹಾಗೆ ನಿಂತಿದ್ದರು. ದಂಡ ಎಂದು ಹೇಳಿಸಿಕೊಂಡ ಗಂಡಂದಿರು, ಏನೂ ಬಾರದವಳು ಎಂದು ಹೇಳಿಸಿಕೊಂಡ ಸೊಸೆಯರು, ಮಂದ ಎಂದು ಹೇಳಿಸಿಕೊಂಡ ಮಕ್ಕಳು. ಅವರ ನಡುವೆ ನೈದಿಲೆ. ಅವ್ವನನ್ನು ಕಂಡರೂ ಅವಳ ಕಣ್ಣು ಅಲುಗಲಿಲ್ಲ.

"ಹುಣ್ಣಿಮೆಗೆ ಸರಿಯಾಗಿ ಬಂದೆ" ಎಂದ ಠೇಂಕಾರಿ. "ಹಣ್ಣನ್ನು ಹೊಗಳುವುದು ಸುಲಭ, ಅದಕ್ಕೆ ಕಿವಿಯಿಲ್ಲ. ಇವಳ ಎದುರಿಗೆ ಇವಳನ್ನು ಹೊಗಳು ನೋಡೋಣ. ಈ ಹೆಣ್ಣು ಎಂಥದ್ದು?"

ನಾಗಲವ್ವ ಅಂಗಳದತ್ತ ಕಣ್ಣು ಹಾಯಿಸಿದಳು. ಇಷ್ಟು ಕಣ್ಣುಗಳ ಮುಂದೆ ಮಗಳನ್ನು ಹೊಗಳುವುದೆ? ದೃಷ್ಟಿಯಾದರೆ? ಅವಳು ಮಡಿಲಿನಿಂದ ಒಂದು ನಿಂಬೆ ತೆಗೆದು, ಮಗಳ ತಲೆಯ ಸುತ್ತ ನಿವಾಳಿಸಿ, ಕಾಲಡಿಯಲ್ಲಿ ಹಿಸುಕಿದಳು. ಆಮೇಲೆ ಹೇಳಿದಳು.

"ಇವಳು ನೈದಿಲೆ. ನನ್ನ ಮಗಳು. ಸಾರಿಗೆ ಉಪ್ಪು ಹಾಕೋದು ಮರೀತಾಳೆ, ಅದು ನಿಜ. ಇವಳಪ್ಪ ಹಾಸಿಗೆ ಹಿಡಿದಾಗ ನಾನು ಹಿತ್ತಿಲಲ್ಲಿ ನಿಂತು ಅಳ್ತಿದ್ದೆ. ಇವಳು ಅವರ ಪಕ್ಕ ಕೂತು ಏನೇನೋ ಕತೆ ಕಟ್ಟಿ ನಗಿಸ್ತಿದ್ಲು. ಅವರು ನಗ್ತಾನೇ ಹೋದ್ರು. ಹೊಳೆ ತುಂಬಿ ಬಂದ ವರ್ಷ ಕಣ್ಣು ಕಾಣದ ನರಸಜ್ಜಿಯನ್ನ ಬೆನ್ನ ಮೇಲೆ ಹೊತ್ತು ದಾಟಿಸಿದಳು. ಮನೆಗೆ ಬಂದು ಹೇಳಲೂ ಇಲ್ಲ. ಬಟ್ಟೆ ಒದ್ದೆ ಮಾಡ್ಕೊಂಡು ಬಂದೆ ಅಂತ ನಾನು ಬೈದೆ. ಆಮೇಲೆ ಬೇರೆಯವರಿಂದ ವಿಷಯ ತಿಳೀತು. ತಿಳಿದ ಮೇಲೂ ನಾನು ಒಂದು ಮಾತು ಆಡಲಿಲ್ಲ. ಬೀದಿಯಲ್ಲಿ ನಾನು ತಲೆ ಎತ್ತಿ ನಡೆಯೋದು ಇವಳಿಂದ. ಊರಿಗೆಲ್ಲ ಅದು ಗೊತ್ತು, ಇವಳೊಬ್ಬಳಿಗೆ ಗೊತ್ತಿಲ್ಲ."

ನೈದಿಲೆಯ ಕೆನ್ನೆಗೆ ಬಣ್ಣ ಬಂತು. ಕಣ್ಣಿನಲ್ಲಿ ನೀರು ಬಂತು. "ಅವ್ವಾ" ಎಂದಳು.

ನಾಗಲವ್ವ ಮಗಳ ಕೈ ಹಿಡಿದಳು. ಆದರೆ ಬಾಗಿಲ ಕಡೆಗೆ ಹೊರಡಲಿಲ್ಲ. ಅಂಗಳದ ತುಂಬ ಇನ್ನೂ ಜನ ನಿಂತಿದ್ದಾರೆ. ಅವರನ್ನು ಹೊಗಳಿ ಬಿಡಿಸಬೇಕಾದವರು ಯಾರೂ ಇಲ್ಲಿಲ್ಲ. ಅವಳು ಠೇಂಕಾರಿಯನ್ನು ದಿಟ್ಟಿಸಿ ನೋಡಿದಳು. "ನಿನ್ನ ಮಾತು ನಮ್ಮೂರಿನ ಮಾತಿನ ಹಾಗಿದೆಯಲ್ಲ. ಯಾವ ಬೀದಿ?"

ಠೇಂಕಾರಿ ಮುಖ ತಿರುಗಿಸಿದ. "ಠ ಬೀದಿ. ನಮ್ಮ ಅಕ್ಷರಕ್ಕೆ ಒಂದು ಹಣ್ಣೂ ಇಲ್ಲ. ಹಬ್ಬದ ದಿನ ನಾವು ಬರಿಗೈಯಲ್ಲಿ ನಿಲ್ಲುತ್ತಿದ್ದೆವು. ನಿಮಗೆ ಎಲ್ಲ ಇತ್ತು, ಇದ್ದದ್ದನ್ನು ಹಳಿಯುತ್ತಿದ್ದಿರಿ. ನನಗೆ ಅದನ್ನು ಕೇಳಿ ಕೇಳಿ ಮೈಯುರಿಯುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಬೆಟ್ಟ ಹತ್ತಿ ಒಬ್ಬನೇ ಈ ವಿದ್ಯೆ ಕಲಿತೆ."

ಓಹೋ, ಅಕ್ಕರಪುರಿಯ ಮಗ, ಎಂದುಕೊಂಡಳು ನಾಗಲವ್ವ. ಅವಳಿಗೆ ಒಂದು ಯೋಚನೆ ಹೊಳೆಯಿತು. ಸುಳ್ಳು ಹೊಗಳಿಕೆ ನಡೆಯುವುದಿಲ್ಲ ಎಂದು ಜಿಂಕೆ ಕಲಿಸಿತ್ತು. ಅವಳು ನಿಜವನ್ನೇ ಹೇಳಿದಳು. "ಏನೇ ಹೇಳಪ್ಪ, ನಿನ್ನ ವಿದ್ಯೆ ದೊಡ್ಡದು. ಹೇಳಿಕೊಡೋರಿಲ್ಲದೆ ಒಬ್ಬನೇ ಕಲಿತಿದ್ದೀಯ. ಇಂಥ ಮಂತ್ರ ಕಟ್ಟಿದೋರನ್ನ ನಾನು ನೋಡೇ ಇಲ್ಲ. ನಿಮ್ಮವ್ವ ಇದ್ದಿದ್ರೆ ಹಿಗ್ಗುತ್ತಿದ್ದಳು."

ಠೇಂಕಾರಿಗೆ ಹೆದರಿದವರು ಬಹಳ ಜನ. ಹೊಗಳಿದವರು ಅವನ ಜನ್ಮದಲ್ಲಿ ಒಬ್ಬರೂ ಇಲ್ಲ. ಅವನ ಕಿವಿ ಕೆಂಪಾಯಿತು. ತಲೆ ತಗ್ಗಿಸಿದ, ಕತ್ತು ಕೆರೆದುಕೊಂಡ, ಕಾಲಿನ ಹೆಬ್ಬೆರಳಿನಿಂದ ನೆಲ ಗೀರಿದ. ಬಾಯಿಂದ ತಾನಾಗಿಯೇ ಮಾತು ಹೊರಟಿತು.

"ಅಯ್ಯೋ, ನಂದೇನು ಬಿಡಿ ತಾಯಿ. ಇದೂ ಒಂದು ವಿದ್ಯೆಯೇ? ಕೆಲಸಕ್ಕೆ ಬಾರದ್ದು."

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಒಡೆಯನೇ ಬೇಡವೆಂದ ವಿದ್ಯೆ ಅವನನ್ನು ಬಿಟ್ಟು ಹೊರಟೇ ಹೋಯಿತು. ಕೋಟೆ ಕರಗಿತು. ಅಂಗಳದಲ್ಲಿದ್ದವರಿಗೆಲ್ಲ ಬಣ್ಣ ಬಂತು, ಉಸಿರು ಬಂತು. ಬರಿಯ ಬೆಟ್ಟದ ಬಯಲಿನಲ್ಲಿ ಠೇಂಕಾರಿ ಒಬ್ಬ ಸಾಧಾರಣ ಮನುಷ್ಯನಾಗಿ ನಿಂತಿದ್ದ. ನಾಗಲವ್ವ ಅವನ ಕೈಗೆ ಒಂದು ನೆಲ್ಲಿಕಾಯಿ ಕೊಟ್ಟಳು. "ತಿಂದು ನೀರು ಕುಡಿ. ಊರಿಗೆ ಬಾ. ಹಣ್ಣು ನಮ್ಮ ಬೀದೀಲಿದೆ, ತಿನ್ನೋಕೆ ಯಾವ ಬೀದಿಯವರಾದರೇನು."

ಅಲ್ಲಿಂದ ಮುಂದೆ ಅಕ್ಕರಪುರಿಯವರು ಮಳೆ ಬೆಳೆಯಲ್ಲಿ, ಮನೆ ಮಕ್ಕಳಲ್ಲಿ ಸುಖವಾಗಿ ಬಾಳಿದರು ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ದಿನ ಊರಿಗೆ ಹಿಂದಿರುಗುವಾಗ ದಾರಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ಕತೆ ಮುಗಿಯುವುದಿಲ್ಲ.

ಬಿಡುಗಡೆಯಾದ ನೂರಾರು ಜನ ಮುಂದೆಯೂ ಹಿಂದೆಯೂ ನಡೆಯುತ್ತಿದ್ದರು. ನೈದಿಲೆ ಅವ್ವನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಅವ್ವಾ, ಆ ಹೊಳೆ ದಾಟಿಸಿದ ಮಾತು ಇನ್ನೊಂದು ಸಲ ಹೇಳು."

"ಒಂದು ಸಲ ಹೇಳಿದ್ದು ಸಾಲದೇನೆ?"

"ಸಾಲದು."

ನಾಗಲವ್ವ ಸುತ್ತಲೂ ನೋಡಿದಳು. ಎಲ್ಲರ ಕಿವಿ ಇತ್ತಲೇ ಇತ್ತು. ದನಿ ತಗ್ಗಿಸೋಣ ಅನ್ನಿಸಿತು, ತಗ್ಗಿಸಲಿಲ್ಲ. ಎದೆ ಸೆಟೆಸಿ, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಶುರುಮಾಡಿದಳು. ಊರು ಬರುವ ತನಕ ಹೇಳುತ್ತಲೇ ಇದ್ದಳು, ಮಗಳು ಕೇಳುತ್ತಲೇ ನಡೆದಳು.