ಅಲೆಯಂಚಿನ ಪರವಾನಗಿ

ಏಳು ಸಮುದ್ರದಾಚೆಯ ಅಮೆರಿಕದಲ್ಲಿ ಒಂದು ವ್ಯಾಪಾರದ ಹಡಗಿತ್ತಂತೆ. ಇನ್ನೂರು ವರ್ಷದ ಹಿಂದೆ ಅದು ಹೊರಟಾಗ ಸರ್ಕಾರ ಪರವಾನಗಿಯೊಂದನ್ನು ಬರೆದು, ಅದರ ತಲೆಭಾಗವನ್ನು ಅಲೆಯಂತೆ ಕತ್ತರಿಸಿತಂತೆ. ಆ ತುಂಡು ಕಡಲ್ಗಳ್ಳರ ಬಂದರಿಗೆ ಮೊದಲೇ ಹೋಗಿ ಕಾಯುತ್ತಿತ್ತು. ಹಡಗಿನ ಹಾಳೆ ಅದಕ್ಕೆ ಕೂಡಿಕೊಂಡರೆ ದಾರಿ, ಇಲ್ಲದಿದ್ದರೆ ಸೆರೆ.

ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ಆ ಹಾಳೆ 2003ರಲ್ಲಿ ಹಿಮಾಯತ್‌ನಗರದ ನಮ್ಮ ಸ್ಕ್ಯಾನಿಂಗ್ ಆಫೀಸಿಗೆ ಬಂತು, ಸಂಗ್ರಾಹಕ ವಿಠಲರಾಯರ ಪೆಟ್ಟಿಗೆಯಲ್ಲಿ. ವಿವರ ಟೈಪ್ ಮಾಡುವವಳೆಂದು ರಾಯರು ಅಲೆಯ ಕತೆಯನ್ನು ನನಗೊಬ್ಬಳಿಗೇ ಹೇಳಿದ್ದರು. ಜೋಡಿ ಕಳೆದುಕೊಂಡ ಆ ಅಂಚನ್ನು ಕಂಡಾಗ, ಊರು ಬಿಟ್ಟು ಬಂದು ನಾನು ಒಂಟಿಯಾಗಿದ್ದ ಕಾಚಿಗೂಡದ ಬಾಡಿಗೆ ಕೋಣೆ ನೆನಪಾಗಿತ್ತು.

ಸ್ಕ್ಯಾನ್ ಮುಗಿದ ಮೇಲೆ, ಮಂಗಳವಾರ ರಾಯರು ಪೆಟ್ಟಿಗೆ ತೆರೆದರೆ ಹಾಳೆಯ ಅಂಚು ನೇರವಾಗಿತ್ತು. ಸ್ಕ್ಯಾನ್ ಮಾಡುವ ಯಾದಗಿರಿಯ ಗದಿಗೆಮ್ಮನೇ ಯಂತ್ರಕ್ಕೆ ಹೊಂದಲೆಂದು ಕತ್ತರಿಸಿದ್ದಾಳೆ ಎಂದ ಮೇಲ್ವಿಚಾರಕ ಉಪೇಂದ್ರ. ಅವಳ ಕೆಲಸ ಹೋಯಿತು. ನನ್ನ ಪಕ್ಕದ ಕೋಣೆಯಲ್ಲಿ ಅವಳು ಊರಿಗೆ ಹೋಗುವ ಸಂಜೆಯ ರೈಲುಗಾಡಿಗೆ ಗಂಟು ಕಟ್ಟುತ್ತಿದ್ದಳು. ನಾನು ಕೆಳಮನೆಯ ದರ್ಜಿ ತುಳಸಾಬಾಯಿಯನ್ನು ಕರೆತಂದೆ. ನಮ್ಮ ಓಣಿಗೆ ಅವರೇ ಪತ್ತೇದಾರರು.

“ನಾ ಕತ್ತರಿ ಹಿಡದೇ ಇಲ್ರಿ ಬಾಯಿ. ಹೆಂಗಿತ್ತೋ ಹಂಗ ಸ್ಕ್ಯಾನ್ ಮಾಡೀನಿ,” ಎಂದಳು ಗದಿಗೆಮ್ಮ.

“ಗಾಡಿ ಬಿಡೂದ್ರೊಳಗ ಆ ಹಾಳಿ ನಿನ್ನ ಕೈಲೇ ಪೆಟಗ್ಯಾಗ ಇಡಸ್ತೀನಿ. ನಡಿ,” ಎಂದರು ತುಳಸಾಬಾಯಿ.

ಆಫೀಸಿನಲ್ಲಿ ತುಳಸಾಬಾಯಿ ಗದಿಗೆಮ್ಮನ ಮೊದಲ ಸ್ಕ್ಯಾನನ್ನು ಅದೇ ಅಳತೆಯಲ್ಲಿ ಮುದ್ರಿಸಿಕೊಡಲು ನನಗೆ ಹೇಳಿದರು. ಆಮೇಲೆ ಚಿತ್ರಗಳ ಕಲೆ ಅಳಿಸಿ ಹರಕು ಅಂಚು ಸರಿಮಾಡುವವರು ಯಾರೆಂದು ಕೇಳಿದರು. ಉಪೇಂದ್ರನೊಬ್ಬನೇ, ಎಂದೆ.

ಎಲ್ಲರೂ ಮೇಜಿನ ಸುತ್ತ ನಿಂತರು. ತುಳಸಾಬಾಯಿ ಕೊರಳಿನ ಟೇಪು ತೆಗೆದು ಮುದ್ರಿಸಿದ ಪ್ರತಿಯನ್ನೂ ಪೆಟ್ಟಿಗೆಯ ಹಾಳೆಯನ್ನೂ ಅಳೆದರು.

“ರಾಯರ, ಕತ್ತರಿಸಿದ್ರ ಅರಿವಿ ಗಿಡ್ಡ ಆಗಬೇಕು. ಇದು ಅಲೆಯ ತುದಿಯಷ್ಟ ಉದ್ದ ಐತಿ, ನಡುವಿನ ತಗ್ಗೂ ತುಂಬ್ಯಾವ. ಕತ್ತರಿ ತಗ್ಗು ತುಂಬತೈತೇನ್ರಿ?”

ಹಾಗಾದರೆ ಇದು ನಕಲು, ಸರಿಮಾಡಿದ ಚಿತ್ರದಿಂದ ಮುದ್ರಿಸಿ, ಹಳೆಯದೆಂದು ಕಾಣಲು ಚಹಾದಲ್ಲಿ ನೆನೆಸಿದ್ದು, ಎಂದು ವಿವರಿಸಿದರು. ಅಲೆ ಬೇಕೆಂದೇ ಕತ್ತರಿಸಿದ್ದೆಂದು ತಿಳಿಯದ ಉಪೇಂದ್ರ, ದಿನದ ರೂಢಿಯಂತೆ ಚಿತ್ರದ ಅಂಚು ನೇರ ಮಾಡಿದ್ದ.

“ಇಲಿ ಕಡದದ್ದಂತ ರಿಪೇರಿ ಮಾಡೀದಿ ಅಲ್ಲೋ ಉಪೇಂದ್ರ. ಕಳವಿನ್ಯಾಗೂ ನಿಂದು ಭಾಳ ಶಿಸ್ತು.”

ಉಪೇಂದ್ರ ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಅಸಲು ಹಾಳೆ ತೆಗೆದ. ವಿದೇಶಕ್ಕೆ ಮಾರಲು ಇಟ್ಟಿದ್ದನಂತೆ. ರಾಯರು ಅದಕ್ಕೆ ಕೈಚಾಚಿದರು, ತುಳಸಾಬಾಯಿ ತಡೆದರು.

ಗಾಡಿಗೆ ಇನ್ನೂ ಅರ್ಧ ಗಂಟೆಯಿತ್ತು. ಗದಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡು, ಅಲೆಯಂಚನ್ನು ಮೇಲೆ ಮಾಡಿ ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟಳು.