ಬಣ್ಣ ಬದಲಾದ ತೊಟ್ಟಿಲು

ಒಂದು ನಿಮಿಷ, ಬೆರಳು ಮೇಲಕ್ಕೆ ಸರಿಸಬೇಡಿ! ಇದನ್ನು ಪೂರ್ತಿ ಕೇಳಿಬಿಡಿ. ಪ್ರೇಮಕಥೆ ಅಂದ ತಕ್ಷಣ, "ಗೊತ್ತು ಬಿಡಿ, ಕೊನೆಗೆ ಇಬ್ಬರೂ ಒಂದಾಗ್ತಾರೆ" ಅಂತ ಅಂದುಕೊಳ್ಳುತ್ತೀರಿ. ಒಂದಾಗುವುದು ಆಮೇಲಿನ ಮಾತು. ಈ ಭಾನುಪ್ರಿಯಳಿಗೆ ತನ್ನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅನ್ನುವುದೇ ಅರ್ಥವಾಗಿರಲಿಲ್ಲ! ಕೇಳಿ. ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಚನ್ನಪಟ್ಟಣದ ಗೊಂಬೆ ಮಾಡುವ ಬೀದಿ. ದಿಲ್ಶಾದಕ್ಕನ ಶೆಡ್ಡಿನಲ್ಲಿ ಲೇತ್ ಮಿಷನ್ನು ಗಿರ್ರನೆ ತಿರುಗುತ್ತಿತ್ತು. ತಿರುಗುವ ಮರದ ತುಂಡಿಗೆ ಭಾನು ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಿದ್ದಳು. ಉಜ್ಜಿದ ಬಿಸಿಗೆ ಅರಗು ಕರಗಬೇಕು, ಮರಕ್ಕೆ ಬಣ್ಣ ಹತ್ತಬೇಕು. ಅದೇ ಅವಳ ಕೆಲಸ.

ಬಾಗಿಲಲ್ಲಿ ಯಾರೋ ಬಂದು ನಿಂತರು.

"ಮೇಡಂ, ಒಂದು ತೊಟ್ಟಿಲು ಬೇಕಾಗಿತ್ತು. ಚಿಕ್ಕದು. ದೊಡ್ಡಮಳೂರಲ್ಲಿ ಹರಕೆ ಕಟ್ಟಕ್ಕೆ."

ಪಟ್! ಅರಗಿನ ಕಡ್ಡಿ ಮುರಿಯಿತು.

ದೊಡ್ಡಮಳೂರು ಅಂದರೆ ಅಪ್ರಮೇಯಸ್ವಾಮಿ ಗುಡಿ. ಅಲ್ಲಿನ ಅಂಬೆಗಾಲು ಕೃಷ್ಣನಿಗೆ, ಮಗು ಬೇಕು ಅಂದವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಹರಕೆಯ ತೊಟ್ಟಿಲು ಈ ಶೆಡ್ಡಿಗೆ ಹೊಸದಲ್ಲ. ಆದರೆ ಕೇಳಿಕೊಂಡು ಬಂದವರ ಹತ್ತಿರ ಮಾತಾಡುವುದು ದಿಲ್ಶಾದಕ್ಕ. ಭಾನು ತಲೆ ತಗ್ಗಿಸಿ ಬಣ್ಣ ಹಚ್ಚುವವಳು, ಅಷ್ಟೇ. ಇವತ್ತು ದಿಲ್ಶಾದಕ್ಕ ಒಳಗೆ ಟೀ ಕಾಯಿಸುತ್ತಿದ್ದಳು.

"ಕಟ್ಟಿದ್ರೆ ಏನೂ ಆಗಲ್ಲ ಅಣ್ಣಾ," ಅಂದಳು ಭಾನು.

ಅಂದವಳೇ ನಾಲಿಗೆ ಕಚ್ಚಿಕೊಂಡಳು. 'ಅಯ್ಯೋ! ಏನಂದೆ ನಾನು? ಪಾಪ, ಮಗು ಬೇಕು ಅಂತ ಬಂದೋರ ಹತ್ರ...'

ಅವನು ಸಿಟ್ಟಾಗಲಿಲ್ಲ. ಚಪ್ಪಲಿಗೆ ಒಣಗಿದ ಕೆಸರು ಮೆತ್ತಿತ್ತು, ಅಂಗಿಯ ತೋಳಿನ ಮೇಲೆ ಹಸಿರು ಎಲೆಯ ಕಲೆ. ಅವಳನ್ನೇ ನೋಡಿದ.

"ಗೊತ್ತು," ಅಂದ. "ಆದ್ರೂ ಮಾಡ್ಕೊಡಿ."

ಗೊತ್ತು ಅಂದರೆ? ಗೊತ್ತಿದ್ದೂ ಯಾಕೆ ಕಟ್ಟುತ್ತಾನೆ? ಅಷ್ಟರಲ್ಲಿ ದಿಲ್ಶಾದಕ್ಕ ಟೀ ಲೋಟ ಹಿಡಿದು ಓಡಿ ಬಂದಳು. "ಅವಳ ಮಾತು ತಲೆಗೆ ಹಾಕ್ಕೋಬೇಡಿ, ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲ! ಹೆಸರು ಹೇಳಿ, ಯಾವ ಬಣ್ಣ ಹೇಳಿ."

"ನಟರಾಜು. ಕೆಂಗಲ್ ಹತ್ರ ನಮ್ಮೂರು, ರೇಷ್ಮೆ ಹುಳ ಸಾಕ್ತೀವಿ. ಬಣ್ಣ... ಕೆಂಪೇ ಹಚ್ಚಿ."

*

ಭಾನು ಯಾಕೆ ಹಾಗಂದಳು ಗೊತ್ತೇ?

ಅವಳೂ ಒಂದು ಕಾಲದಲ್ಲಿ ಅಲ್ಲಿ ತೊಟ್ಟಿಲು ಕಟ್ಟಿದ್ದಳು. ಗಂಡನ ಮನೆ ಮಾಗಡಿ ಕಡೆ. ಎರಡು ಸಲ ಬಸಿರಾಯಿತು, ಎರಡು ಸಲವೂ ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದ ದಿನ ಅತ್ತೆ ಅಂದದ್ದು ಒಂದೇ ಮಾತು: "ತೊಟ್ಟಿಲು ಕಟ್ಟಿದ್ರೂ ನಿನ್ನ ಹೊಟ್ಟೆ ಕಟ್ಟಲಿಲ್ವಲ್ಲ." ಗಂಡ ಟಿವಿ ನೋಡುತ್ತಿದ್ದ. ತಲೆ ಎತ್ತಲಿಲ್ಲ!

ಆಮೇಲೆ ಕೋರ್ಟು, ಡಿವೋರ್ಸು, ಚನ್ನಪಟ್ಟಣದ ತವರುಮನೆ. ತಾಳಿ ತೆಗೆದಿಟ್ಟಳು. ಕಾಲುಂಗುರ ಮಾತ್ರ ಉಳಿಸಿಕೊಂಡಳು. ಗಂಡನ ಮೇಲಿನ ಆಸೆಗಲ್ಲ. ಕಾಲುಂಗುರ ಇದ್ದರೆ ಬಸ್ಸಿನಲ್ಲಿ ಪಕ್ಕದವನು ಸರಿದು ಕೂರುತ್ತಾನೆ, ಹೊಸಬರು ಕೆದಕಿ ಕೇಳುವುದಿಲ್ಲ. ಅಷ್ಟಕ್ಕೇ.

ಆ ಗುಡಿಯ ಕಡೆಗೆ ಮಾತ್ರ ಅವಳು ಮತ್ತೆ ಕಾಲಿಡಲಿಲ್ಲ. 'ಅಂಬೆಗಾಲಿಟ್ಟು ಎಲ್ಲರ ಮನೆಗೂ ಹೋಗ್ತೀಯಂತೆ, ನನ್ನ ಮನೆ ದಾರಿ ಗೊತ್ತಾಗ್ಲಿಲ್ವ ನಿಂಗೆ?' ಅಂತ ಒಂದು ಹಟ.

*

ನಟರಾಜು ಮರುವಾರವೇ ಬಂದ.

"ಕೆಂಪು ಬ್ಯಾಡ ಅನ್ಸದೆ ಮೇಡಂ. ಹಸಿರು ಮಾಡ್ತೀರಾ?"

"ಆಗಲೇ ಹಚ್ಚಾಯ್ತಲ್ಲ! ಈಗ ಎಲ್ಲಾ ಕೆರೀಬೇಕು."

"ಕೆರೀರಿ. ನಾನು ಕಾಯ್ತೀನಿ."

"ಇಲ್ಲೇನಾ?"

"ಯಾಕೆ, ನಿಂತ್ಕಂಡ್ರೆ ಮಿಷನ್ನು ಓಡಲ್ವಾ?"

ದಿಲ್ಶಾದಕ್ಕ ಕಿಸಕ್ಕೆಂದಳು. ಭಾನು ಹಲ್ಲು ಕಚ್ಚಿ ಉಳಿಯನ್ನು ತೊಟ್ಟಿಲಿನ ಕಂಬಿಗೆ ಹಿಡಿದಳು. ಕೆಂಪು ಪುಡಿಯಾಗಿ ಉದುರಿತು. ಅವನು ನಿಂತು ನೋಡುತ್ತಲೇ ಇದ್ದ. ಬಣ್ಣವನ್ನು ನೋಡುತ್ತಿದ್ದಾನೋ ತನ್ನನ್ನೋ? ಗೊತ್ತಾಗಲಿಲ್ಲ...

ಇನ್ನೊಂದು ಸಲ ಬಂದಾಗ ಮುತ್ತುಗದ ಎಲೆಯಲ್ಲಿ ಹಿಪ್ಪುನೇರಳೆ ಹಣ್ಣು ಕಟ್ಟಿ ತಂದಿದ್ದ. ಕಪ್ಪಗೆ, ರಸ ತುಂಬಿ, ಮುಟ್ಟಿದರೆ ಬೆರಳು ನೇರಳೆ.

"ತಿನ್ನಿ. ಹುಳಕ್ಕೆ ಎಲೆ, ನಮಗೆ ಹಣ್ಣು. ಅಂದಂಗೆ ಹಸಿರೂ ಬ್ಯಾಡ. ಅರಿಶಿಣದ ಬಣ್ಣ ಇದ್ರೆ ಚೆಂದ."

"ನಿಮ್ಗೆ ತಲೆ ಕೆಟ್ಟಿದ್ಯಾ?" ಅಂದಳು ಭಾನು. ಅಂದವಳಿಗೇ ನಗು ಬಂತು! ನಕ್ಕು ಎಷ್ಟು ಕಾಲವಾಗಿತ್ತೋ.

ಅವನು ಹೋದ ಮೇಲೆ ದಿಲ್ಶಾದಕ್ಕ ಹಣ್ಣು ಬಾಯಿಗೆ ಹಾಕಿಕೊಂಡು ಕೇಳಿದಳು, "ಏನೇ, ಮೊದಲ ದಿನ 'ಅಣ್ಣಾ' ಅಂದೆ. ಈಗ ಅಣ್ಣ ಎಲ್ಲಿ ಹೋದ?"

ಭಾನುವಿನ ಮುಖ ಬಿಸಿಯಾಯಿತು. ನಿಜ, ಆ ಮಾತು ನಾಲಿಗೆಗೆ ಬರುವುದನ್ನೇ ಬಿಟ್ಟಿತ್ತು.

'ಏನಾಗ್ತಿದೆ ನಂಗೆ? ಯಾರೋ ಮದುವೆಯಾದ ಗಂಡಸು. ಮನೇಲಿ ಹೆಂಡ್ತಿ ಮಗುಗೋಸ್ಕರ ಅಳ್ತಾ ಕೂತಿರ್ತಾಳೆ. ನಾನು ಅವಳಂಗೇ ಅತ್ತೋಳು. ಅವಳ ಗಂಡ ತಂದ ಹಣ್ಣು ತಿಂದು ನಗ್ತಾ ಇದ್ದೀನಲ್ಲ... ಥೂ!'

ಆ ರಾತ್ರಿ ಅನ್ನ ಸೇರಲಿಲ್ಲ. ಬೆರಳಿನ ನೇರಳೆ ಬಣ್ಣ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಅವನು ಮತ್ತೆ ಬಂದಾಗಲೂ ಕೈಯಲ್ಲಿ ಹಣ್ಣು. ಭಾನು ಎದ್ದು ನಿಂತಳು, ಮುಟ್ಟಲೇ ಇಲ್ಲ.

"ಹಣ್ಣು ತಂದು ಕೊಡಬೇಕಾದ್ದು ನನಗಲ್ಲ. ಕೊಡಬೇಕಾದೋರಿಗೆ ಕೊಡಿ."

ಅವನ ಮುಖ ಸಪ್ಪಗಾಯಿತು. ಕಣ್ಣು ಕೆಳಗಿಳಿದು ಅವಳ ಕಾಲುಂಗುರದ ಮೇಲೆ ನಿಂತಿತು. ಇಷ್ಟು ದಿನ ಲೇತಿನ ಹಿಂದೆ ಕೂತಿದ್ದವಳ ಪಾದ ಅವನಿಗೆ ಕಂಡೇ ಇರಲಿಲ್ಲವೇನೋ.

"ನಿಮ್ಮ ಯಜಮಾನ್ರು... ಏನ್ ಮಾಡ್ಕಂಡವ್ರೆ?"

ಹೇಳಬಹುದಿತ್ತು. ಇಲ್ಲ, ಬಿಟ್ಟಾಯಿತು ಅಂತ ಎರಡು ಮಾತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಹೊಸೂರಲ್ಲಿ ಕಂಪನೀಲಿ ಇದ್ದಾರೆ. ವಾರಕ್ಕೊಂದ್ಸಲ ಬರ್ತಾರೆ."

ಹಿಂದೆ ದಿಲ್ಶಾದಕ್ಕನ ಕೈಯಿಂದ ಸುತ್ತಿಗೆ ಠಣ್ಣಂತ ಬಿತ್ತು.

"ಒಳ್ಳೇದು ಕಣಕ್ಕ," ಅಂದ ನಟರಾಜು.

ಅಕ್ಕ! ಮೇಡಂ ಅನ್ನುತ್ತಿದ್ದವನು ಅಕ್ಕ ಅಂದುಬಿಟ್ಟ! ಹಣ್ಣಿನ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು ಹೊರಟೇಹೋದ. ತಾನೇ ಸುಳ್ಳು ಹೇಳಿ, ತಾನೇ ದೂರ ಮಾಡಿ, ಆ ಒಂದು ಮಾತಿಗೆ ಇಷ್ಟು ನೋವು ಯಾಕೆ? ಭಾನುವಿಗೆ ಏನೂ ತಿಳಿಯಲಿಲ್ಲ.

"ಮಾಗಡಿ ಗಂಡನ್ನ ಹೊಸೂರಿಗೆ ಯಾವಾಗ ಟ್ರಾನ್ಸ್‌ಫರ್ ಮಾಡಿಸ್ದೆ?" ದಿಲ್ಶಾದಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅವ್ರಿಗೆ ಮದ್ವೆ ಆಗಿದೆ ದಿಲ್ಶಾದಕ್ಕ. ಇದೇ ಒಳ್ಳೇದು."

"ನೀನು ಕೇಳಿದ್ಯಾ?"

"ತೊಟ್ಟಿಲು ಕಟ್ಟೋಕೆ ಬಂದಿದ್ದಾರಲ್ಲ! ಇನ್ನೇನು ಕೇಳೋದು?"

*

ಅವನು ಮತ್ತೆ ಬರಲಿಲ್ಲ.

ಅರಿಶಿಣದ ತೊಟ್ಟಿಲು ಸಿದ್ಧವಾಯಿತು. ಒಣಗಿದ ಕೇದಗೆ ಗರಿಯಿಂದ ಒಂದೊಂದೇ ಕಂಬಿಯನ್ನು ಉಜ್ಜಿ ಉಜ್ಜಿ ಭಾನು ಹೊಳಪು ತಂದಳು. ಮೊದಮೊದಲು ಆ ತೊಟ್ಟಿಲು ಕಂಡರೆ ಅತ್ತೆಯ ಮಾತೇ ಕಿವಿಗೆ ಬೀಳುತ್ತಿತ್ತು. ಕೆರೆದು, ಹಚ್ಚಿ, ಮತ್ತೆ ಕೆರೆದು, ಮತ್ತೆ ಹಚ್ಚಿ... ಯಾವಾಗಲೋ ಆ ಮಾತು ಕೇಳಿಸುವುದು ನಿಂತಿತ್ತು. ಕಾಣದ ಆ ಹೆಂಡತಿಗಾಗಿ ಅವಳ ಮನಸ್ಸು, 'ಅವಳಿಗಾದ್ರೂ ಒಳ್ಳೇದಾಗ್ಲಿ' ಅಂದಿತು. ಯಾರಿಗೆ ಹೇಳಿದಳು? ಮುನಿಸಿಕೊಂಡ ಆ ಕೃಷ್ಣನಿಗೇ? ಅವಳಿಗೇ ಆಶ್ಚರ್ಯ.

ಒಂದು ದಿನ ದಿಲ್ಶಾದಕ್ಕನ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ಅವನದೇ ದನಿ.

"ಹುಳ ಎಲ್ಲಾ ಬಲಿತು ಹಣ್ಣಾಗಿ ಬಿದಿರು ಚಂದ್ರಿಕೆ ಹತ್ತವೆ, ಗೂಡು ಕಟ್ತಾವೆ ಅಕ್ಕಾ. ಇನ್ನು ಸೊಪ್ಪು ಹಾಕಂಗಿಲ್ಲ, ಒಸಿ ಬಿಡುವಾಯ್ತು. ನಾಳೆ ಬೆಳಿಗ್ಗೆ ಗುಡಿ ತಾವ ಇರ್ತೀನಿ. ಯಾರ ಕೈಲಾದ್ರೂ ತೊಟ್ಟಿಲು ಕಳಿಸ್ಕೊಡಿ. ಶೆಡ್ಡಿಗೆ ಬರಕ್ಕೆ... ಆಗಲ್ಲ."

"ಕಳಿಸ್ತೀನಿ, ಕಳಿಸ್ತೀನಿ!" ದಿಲ್ಶಾದಕ್ಕ ಫೋನಿಟ್ಟು ತೊಟ್ಟಿಲನ್ನು ಭಾನುವಿನ ಮಡಿಲಿಗೆ ಹಾಕಿದಳು. "ನಂಗೆ ನಾಳೆ ಆರ್ಡರ್ ಐತೆ. ನೀನೇ ಹೋಗು."

"ನಾನಾ? ಆ ಗುಡಿಗಾ? ಆಗಲ್ಲ!"

"ಮರಕ್ಕೆ ದಿನಾ ಉಜ್ಜಿ ಉಜ್ಜಿ ಬಣ್ಣ ಹತ್ತಿಸ್ತೀಯ. ನಿನ್ನ ಒಂದ್ಸಲ ಯಾರಾದ್ರೂ ಉಜ್ಜಬೇಕಲ್ವಾ? ನಡಿ!"

*

ಗುಡಿಯ ಮುಂದೆ ಅವನು ಒಬ್ಬನೇ ನಿಂತಿದ್ದ. ಅವಳನ್ನು ಕಂಡು ಗಾಬರಿಯಾದ.

"ನೀವ್ಯಾಕ್ ಬಂದ್ರಿ ಅಕ್ಕಾ?"

"ನಿಮ್ಮ ಮನೆಯೋರೆಲ್ಲಿ?" ಅವಳ ಕಣ್ಣು ಸುತ್ತ ಹುಡುಕುತ್ತಿತ್ತು.

"ಅವ್ವ ಹುಳದ ಮನೆ ಕಾಯ್ತಾವ್ಳೆ."

"ಅವ್ವ ಅಲ್ಲ. ಹೆಂಡ್ತಿ."

"ಯಾರ ಹೆಂಡ್ತಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಈ ತೊಟ್ಟಿಲು..." ಭಾನು ಅದನ್ನು ಮುಂದೆ ಹಿಡಿದಳು.

"ನಮ್ಮಕ್ಕನಿಗೆ," ಅಂದ ನಟರಾಜು. "ಕನಕಪುರಕ್ಕೆ ಕೊಟ್ಟಿರಾದು. ಮಕ್ಳಾಗ್ಲಿಲ್ಲ. ಆ ಗುಡಿ, ಈ ಡಾಕ್ಟ್ರು ಅಂತ ಸುತ್ತಿ ಸುತ್ತಿ ಸಾಕಾಗ್ಬುಟ್ಟೈತೆ. 'ಇನ್ಮೇಲೆ ನನ್ನ ಹೆಸ್ರಲ್ಲಿ ಯಾರೂ ಹರಕೆ ಹೊರಬ್ಯಾಡಿ' ಅಂದವ್ಳೆ. ಅದಕ್ಕೇ ಕದ್ದು ಕಟ್ತಿವ್ನಿ."

"ಕಟ್ಟಿದ್ರೆ ಏನೂ ಆಗಲ್ಲ ಅಂತ ಗೊತ್ತು ಅಂದ್ರಿ. ಮತ್ಯಾಕೆ?"

"ಮಗು ಆಗ್ಲಿ ಅಂತ ಅಲ್ಲ ಕಣಕ್ಕಾ. ಅವ್ಳು ಮುಂಚೆ ಎಂಗ್ ನಗ್ತಿದ್ಲು ಅಂತೀರ! ಬೀದಿ ಕೊನೇಗೆ ಕೇಳೋದು. ಆ ನಗು ವಾಪಸ್ ಬಂದ್ರೆ ಸಾಕು ಅಂತ."

ಭಾನುವಿನ ಕಣ್ಣು ತುಂಬಿ ಬಂತು. ತಾನು ಆಸ್ಪತ್ರೆಯಿಂದ ಬಂದಾಗ ಬಂದವರೆಲ್ಲ ಮಗುವಿನ ಮಾತೇ ಆಡಿದ್ದರು. ಇವಳು ನಗಲಿ ಅಂತ ಒಬ್ಬರೂ ಬೇಡಿಕೊಂಡಿರಲಿಲ್ಲ.

"ಬಣ್ಣ ಬದಲಾಯಿಸಿದ್ದೂ ಅಕ್ಕನಿಗೋಸ್ಕರಾನಾ?"

"ಹಸಿರು ಅಕ್ಕನಿಗೆ ಇಷ್ಟ ಅಂತ. ಅರಿಶಿಣ..." ಅವನು ತಲೆ ತಗ್ಗಿಸಿದ. "ಇನ್ನೊಂದ್ಸಲ ಬರಕ್ಕೆ ನೆಪ ಬೇಕಿತ್ತು. ತೆಪ್ಪಾಯ್ತು. ನೀವು ಇನ್ನೊಬ್ಬರ ಮನೆಯೋರು ಅಂತ ಗೊತ್ತಾದ್ ಮ್ಯಾಕೆ ಬರ್ಲಿಲ್ಲ, ಅಲ್ವಾ? ಬನ್ನಿ, ಕಟ್ಟಿ ಬಂದ್ಬುಡಾನ."

ಈಗ? ಈಗ ಹೇಳಬೇಕಾ? ನಿಜ ಹೇಳಿದರೆ ಇಷ್ಟು ವರ್ಷ ಬೆನ್ನಿಗಿದ್ದ ಕಾಲುಂಗುರದ ಗೋಡೆ ಬಿದ್ದುಹೋಗುತ್ತದೆ. ಮತ್ತೆ ಒಂದು ಮನೆ, ಮತ್ತೆ ಒಬ್ಬಳು ಅತ್ತೆ, ಮತ್ತೆ ಅದೇ ಪ್ರಶ್ನೆ... ಹೇಳದಿದ್ದರೆ, ಇವನು ಅಕ್ಕಾ ಅಂತ ಕೈಮುಗಿದು ಹೋಗಿಬಿಡುತ್ತಾನೆ!

ಒಳಗೆ ಅಂಬೆಗಾಲು ಕೃಷ್ಣ ಬೆಣ್ಣೆ ಹಿಡಿದು ಹೊರಟ ಹಾಗಿದ್ದ. ಸುತ್ತ ನೇತಾಡುವ ತೊಟ್ಟಿಲುಗಳು. ಅವುಗಳ ನಡುವೆ ನಟರಾಜು ಅರಿಶಿಣದ್ದನ್ನೂ ಕಟ್ಟಿದ. ತನ್ನದೆಲ್ಲಿ ಅಂತ ಹುಡುಕಬೇಕು ಅಂದುಕೊಂಡವಳು ಹುಡುಕಲಿಲ್ಲ. ಬೈಯಬೇಕು ಅಂದುಕೊಂಡದ್ದೂ ಮರೆತಿತ್ತು. ನೋಡುತ್ತ ನೋಡುತ್ತ ಒಂದು ವಿಚಿತ್ರ ಯೋಚನೆ ಬಂತು. ಈ ಮಗು ಯಾರೊಬ್ಬರದೂ ಅಲ್ಲ. ಬಂದವರೆಲ್ಲ ಒಂದು ಗಳಿಗೆ ಇವನಿಗೆ ತಾಯಿ. ತಾನೂ!

ಅಳು ಬಂತು. ಅತ್ತಳು. ಹಗುರವಾಯಿತು.

ಹೊರಗೆ ಬಂದವಳೇ ಜಗಲಿಯ ಮೇಲೆ ಕೂತು ಕಾಲುಂಗುರಕ್ಕೆ ಕೈ ಹಾಕಿದಳು. ಎಳೆದಳು. ಬರಲಿಲ್ಲ. ಪಕ್ಕದಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಹೌಹಾರಿತು.

"ಏನವ್ವಾ ಇದು! ಗುಡಿ ತಾವ ಕಾಲುಂಗುರ ಬಿಚ್ತಾರಾ ಮುತ್ತೈದೇರು? ನೋಡಪ್ಪಾ ನಿನ್ನೆಂಡ್ರ ಕೆಲ್ಸಾನ!"

"ನನ್ನೆಂಡ್ರಲ್ಲ ಅಜ್ಜಿ!" ನಟರಾಜು ಕಂಗಾಲಾಗಿದ್ದ. "ಅಕ್ಕಾ, ಏನ್ ಮಾಡ್ತಿದ್ದೀರಿ?"

"ಅಜ್ಜಿ, ಒಸಿ ದೀಪದೆಣ್ಣೆ ಕೊಡಿ," ಅಂದಳು ಭಾನು. ಅಜ್ಜಿ ಬೈಯುತ್ತಲೇ ಎಣ್ಣೆಯ ಬಾಟಲಿ ಚಾಚಿತು.

ಎಣ್ಣೆ ಹಚ್ಚಿ ತಿರುಗಿಸುತ್ತ, ತಲೆ ಎತ್ತದೆ ಹೇಳಿದಳು. "ಹೊಸೂರಲ್ಲಿ ಯಾರೂ ಇಲ್ಲ. ನಾನು ಸುಳ್ಳು ಹೇಳ್ದೆ. ನಂಗೆ ಡಿವೋರ್ಸ್ ಆಗಿದೆ. ನಾನೂ ಇಲ್ಲೇ ತೊಟ್ಟಿಲು ಕಟ್ಟಿದ್ದೆ. ಎರಡೂ ಸಲ ಹೋಯ್ತು. ಮುಂದೆ ಆಗುತ್ತೋ ಇಲ್ವೋ ಗೊತ್ತಿಲ್ಲ. ನಿಮ್ಗೆ ಮದ್ವೆ ಆಗಿದೆ ಅಂದ್ಕೊಂಡು ಹಣ್ಣು ಬೇಡ ಅಂದೆ. ಆಮೇಲೆ... ಅದೇ ಹಣ್ಣು ನೆನೆಸ್ಕೊಂಡು ಅತ್ಬಿಟ್ಟೆ. ಈಗ ಏನ್ ಹೇಳ್ಬೇಕು ಅಂತ್ಲೂ ಗೊತ್ತಾಗ್ತಿಲ್ಲ!"

ಒಂದು ಉಂಗುರ ಜಾರಿ ಬಂತು. ಬೆರಳಿನ ಮೇಲೆ ಬಿಳಿ ಗುರುತು.

ನಟರಾಜು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ನಂಗೂ ಏನೂ ಗೊತ್ತಾಯ್ತಿಲ್ಲ," ಅಂದ. "ಅವ್ವ ಏನಂತಾಳೋ ಗೊತ್ತಿಲ್ಲ, ಒಂದೀಟು ಜಗಳ ಆದಾತು. ಮಕ್ಳ ಮಾತು ಬುಡಿ. ಬೆಳೆ ಬೆಳೆಗೂ ಸಾವಿರಾರು ಹುಳ ಸಾಕ್ತೀನಿ, ಒತ್ತೊತ್ತಿಗೆ ಊಟಕ್ಕೆ ಬಾಯ್ ಬಿಡ್ತಾವೆ. ನಂಗೆ ಬೇಕಾಗಿರಾದು, ಜತೇಲಿ ಕೂತು ಹಣ್ಣು ತಿನ್ನೋರು ಒಬ್ಬರು."

ಭಾನು ಅಳುತ್ತಲೇ ನಕ್ಕಳು. ಜೋರಾಗಿ! ಅಜ್ಜಿ ತಿರುಗಿ ನೋಡುವಷ್ಟು.

"ಇದೇ ಕಣ್ರೀ, ಇಂಗೇ ನಗೋಳು ನಮ್ಮಕ್ಕ," ಅಂದ ಅವನು. ಆಮೇಲೆ ಮೆಲ್ಲಗೆ, "ಇನ್ಮ್ಯಾಕೆ ನಿಮ್ಮನ್ನ ಅಕ್ಕ ಅನ್ನಂಗಿಲ್ಲ, ಅಲ್ವಾ?"

"ಬೇಡ."

"ಹೆಸ್ರು ಗೊತ್ತೈತೆ. ದಿಲ್ಶಾದಕ್ಕ ದಿನಾ ಕೂಗೋರು. ಕರೆಯಕ್ಕೆ ಧೈರ್ಯ ಇರ್ಲಿಲ್ಲ. ಭಾನೂ..."

"ಹ್ಞೂಂ."

"ಇನ್ನೊಂದು ಉಂಗುರ?"

ಅವಳು ಮತ್ತೆ ಎಳೆದು ನೋಡಿದಳು. "ಬರ್ತಿಲ್ಲ."

"ಇರ್ಲಿ ಬುಡಿ. ನಿಧಾನಕ್ಕೆ ಬತ್ತದೆ. ನಾನು ಕಾಯ್ತೀನಿ."

ಒಂದು ಕಾಲಲ್ಲಿ ಉಂಗುರ, ಇನ್ನೊಂದು ಕಾಲು ಖಾಲಿ. ಭಾನುಪ್ರಿಯ ಹಾಗೆಯೇ ಎದ್ದು ಅವನ ಜೊತೆ ಬಸ್ಸಿನ ಕಡೆಗೆ ನಡೆದಳು.

ಈಗ ನೀವು ಹೇಳಿ. ಆ ಜಗಲಿಯ ಮೇಲೆ ಕೂತಿದ್ದವರು ನೀವಾಗಿದ್ದರೆ, ಇಷ್ಟು ವರ್ಷ ಕಾಪಾಡಿದ ಆ ಸುಳ್ಳನ್ನು ಬಿಚ್ಚುತ್ತಿದ್ದಿರಾ... ಇಲ್ಲ, ಅಕ್ಕ ಅನ್ನಿಸಿಕೊಂಡೇ ಮನೆಗೆ ಹೋಗುತ್ತಿದ್ದಿರಾ?